ಟ್ಯಾಂಕಿನೊಳಗಿನ ಬೆವರು

ನನ್ನ ಭಾವ ಪ್ರತಿ ವರ್ಷ ಹೊಳೆ ಉಕ್ಕುವ ಕಾಲಕ್ಕೆ ದೋಣಿಯನ್ನು ದಡಕ್ಕೆ ಎಳೆಸುವ ಮುನ್ನ ಟ್ಯಾಂಕಿನಲ್ಲಿದ್ದ ಡೀಸೆಲ್ಲನ್ನು ತಳದವರೆಗೂ ಬಸಿದು ಮನೆಗೆ ಸಾಗಿಸುತ್ತಿದ್ದರು. ಕ್ಯಾನುಗಳೆಲ್ಲ ಅಕ್ಕನ ಅಡುಗೆಮನೆಯ ಹಿಂದಿನ ಸಣ್ಣ ಕೋಣೆಯಲ್ಲಿ ಸಾಲಾಗಿ ಕೂತಿರುತ್ತಿದ್ದವು. ನೀರು ಇಳಿದು ದೋಣಿ ಮತ್ತೆ ಹೊಳೆಗೆ ಬೀಳುವವರೆಗೂ ಆ ಮನೆಯ ಹಾಸಿಗೆ, ಬಟ್ಟೆ, ಕೊನೆಗೆ ತಟ್ಟೆಯಲ್ಲಿದ್ದ ಊಟ ಕೂಡ ಡೀಸೆಲ್ ನಾರುತ್ತಿತ್ತು.

ಇಂಜಿನ್ ರಿಪೇರಿ ಮಾಡಿಯೇ ಬದುಕುವ ನಾನು ಹೇಳುತ್ತಲೇ ಇದ್ದೆ. “ಟ್ಯಾಂಕು ಕುತ್ತಿಗೆವರೆಗೂ ತುಂಬಿಸಿಡಿ ಭಾವ. ಖಾಲಿ ಬಿಡ್ಬೇಡಿ.”

“ತುಂಬಿಸಿಟ್ಟು ಕಳ್ಳನಿಗೆ ಹಾಸಿಗೆ ಹಾಸಿ ಕರೀಲೇನಯ್ಯಾ? ನಿಂಗೇನಪ್ಪ, ನಿನ್ನ ತುಕ್ಕು ಹಿಡಿದ ಸ್ಪ್ಯಾನರು ಕದಿಯೋಕೆ ಯಾವನೂ ಬರಲ್ಲ.”

ಕಳ್ಳರ ಭಯ ಸುಳ್ಳೇನಲ್ಲ. ಆದರೆ ಕಳ್ಳ ಬಂದರೆ ಡೀಸೆಲ್ ಮಾತ್ರ ಹೋಗುತ್ತದೆ. ಖಾಲಿ ಬಿದ್ದ ಕಬ್ಬಿಣದ ಟ್ಯಾಂಕು ಹಗಲು ಕಾದು ರಾತ್ರಿ ತಣಿಯುವಾಗ, ತಣ್ಣೀರು ತುಂಬಿದ ಚೊಂಬು ಹೊರಗೆ ಬೆವರುವಂತೆ, ಒಳಗೇ ಬೆವರುತ್ತದೆ. ಆ ಬೆವರು ಇಳಿದು ತಳ ಸೇರಿ ತುಕ್ಕು ಎಬ್ಬಿಸುತ್ತದೆ. ಮೇಲೆ ಡೀಸೆಲ್ ಸುರಿದಾಗ ನೀರಿಗೂ ಡೀಸೆಲ್ಲಿಗೂ ನಡುವೆ ಕಪ್ಪು ಲೋಳೆ ಬೆಳೆಯುತ್ತದೆ. ವರ್ಷ ವರ್ಷ ಹೀಗಾದರೆ ಟ್ಯಾಂಕು ಅನ್ನುವುದು ಕೆಸರುಗುಂಡಿ. ಭಾವ ಒಂದು ಹನಿ ಡೀಸೆಲ್ಲನ್ನೂ ಕಳೆದುಕೊಳ್ಳಲಿಲ್ಲ ಅನ್ನುವುದು ಮಾತ್ರ ನಿಜ.

ನಮ್ಮ ಕಡವಿನಲ್ಲಿ ಜನರನ್ನು ಆಚೆ ದಡಕ್ಕೆ ದಾಟಿಸಲು ಎರಡೇ ದೋಣಿಗೆ ಸರದಿ. ಒಂದು ಭಾವನದು, ಇನ್ನೊಂದು ಹೊಸ ದೋಣಿ. ಸರದಿ ಇದ್ದವನ ಮನೆಯ ಒಲೆ ಉರಿಯುತ್ತದೆ, ಇಲ್ಲದವನು ಬೇರೆಯವರ ದೋಣಿಯ ಹಗ್ಗ ಹಿಡಿಯುತ್ತಾನೆ. ಜನ ಕೂತಿರುವಾಗ ಒಂದೇ ವರ್ಷದಲ್ಲಿ ಮೂರು ಸಲ ನಡುನೀರಿನಲ್ಲಿ ಇಂಜಿನ್ ನಿಂತರೆ ಸರದಿ ಹೋಯಿತು, ಅದು ಇಲ್ಲಿಯ ಕಟ್ಟಳೆ. ಲೆಕ್ಕ ಇಡುವವನು ಕಡವಿನ ಗಂಟೆ ಬಾರಿಸುವ ಮುದುಕ. ಎಲ್ಲರೂ ಅವನನ್ನು ಗಂಟೆಯಣ್ಣ ಅನ್ನುತ್ತಾರೆ. ಒಳ್ಳೆಯವನೇ, ಆದರೆ ಅವನ ಕಣ್ಣು ತಪ್ಪಿಸಲಾಗುವುದಿಲ್ಲ.

ಈ ಸಲ ದೋಣಿ ನೀರಿಗಿಳಿದು ತಿಂಗಳು ತುಂಬುವುದರೊಳಗೆ ಎರಡು ಸಲ ನಿಂತಿತು. ಎರಡು ಸಲವೂ ಹೊಸ ದೋಣಿಯವನು ಹಗ್ಗ ಎಸೆದು ಎಳೆದು ತಂದ. ಎರಡು ಸಲವೂ ಫಿಲ್ಟರಿನ ಕಾಗದ ಕಪ್ಪು ಲೋಳೆ ಮೆತ್ತಿಕೊಂಡು ಉಸಿರು ಕಟ್ಟಿತ್ತು.

ಎರಡನೆಯ ಸಲದ ಮರುದಿನ ನಾನು ಟ್ಯಾಂಕಿನ ಮುಚ್ಚಳ ಬಿಚ್ಚಿದೆ. ಬಾಯಿ ಸಣ್ಣದು. ನನ್ನ ತೋಳು ಮೊಣಕೈಗೇ ಸಿಕ್ಕಿಕೊಂಡಿತು. ಭಾವನ ತೋಳಿನ ಮಾತೇ ಬೇಡ.

“ಸರೀರಿ ಇಬ್ರೂ,” ಎಂದು ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಮಂಡಿಯೂರಿದಳು. ಅವಳ ತೆಳ್ಳನೆಯ ಕೈ ಭುಜದವರೆಗೂ ಇಳಿಯಿತು. ಬಟ್ಟೆಯಲ್ಲಿ ಬಾಚಿ ಬಾಚಿ ತೆಗೆದದ್ದನ್ನು ಬಕೆಟ್ಟಿಗೆ ಹಾಕುತ್ತ ಹೋದಳು. ತುಕ್ಕಿನ ಹಕ್ಕಳೆ, ಲೋಳೆ, ಯಾವುದೋ ಹಳೆಯ ಚಿಂದಿಯ ನೂಲು.

“ಸತ್ತ ಎಮ್ಮೆ ಹೊಟ್ಟೆಗೆ ಕೈ ಹಾಕ್ದಂಗಿದೆ ಕಣೋ,” ಎಂದಳು.

“ನೀನು ಯಾವಾಗ ಹಾಕಿದ್ಯೆ ಎಮ್ಮೆ ಹೊಟ್ಟೆಗೆ ಕೈ?” ಭಾವ ನಕ್ಕರು.

“ನಿಮ್ಮ ಮನೆಗೆ ಬಂದ ಮೇಲೆ ಏನೇನಕ್ಕೆ ಹಾಕಿಲ್ಲ ಅಂತ ಕೇಳಿ.” ಅಷ್ಟರಲ್ಲಿ ಅವಳ ಕೈ ನಿಂತಿತು. “ಇಲ್ಲೊಂದು ಗೋಡೆ ಇದೆಯಲ್ಲೋ. ಅದರಾಚೆಗೆ ಹೋಗ್ತಿಲ್ಲ.”

ನನಗೆ ಅದು ಗೊತ್ತಿತ್ತು. ದೋಣಿ ಓಲಾಡುವಾಗ ಡೀಸೆಲ್ ಅತ್ತಿತ್ತ ಹೊಡೆಯದಿರಲೆಂದು ಟ್ಯಾಂಕಿನೊಳಗೆ ತಗಡಿನ ಅಡ್ಡಗೋಡೆಗಳನ್ನು ಇಟ್ಟಿರುತ್ತಾರೆ. ಕೆಳಗೆ ಸಣ್ಣ ಸಂದು ಮಾತ್ರ. ಮುಚ್ಚಳದ ಕೆಳಗಿನ ಭಾಗ ತೊಳೆದದ್ದಾಯಿತು, ಆಚೆಯ ಎರಡು ಭಾಗದ ಹೊಲಸು ಅಲ್ಲೇ ಉಳಿಯಿತು. ದೋಣಿ ಓಲಾಡಿದಾಗಲೆಲ್ಲ ಅದು ಸಂದಿನಿಂದ ಈಚೆ ಬರುತ್ತದೆ.

“ಟ್ಯಾಂಕೇ ತೆಗೀಬೇಕು,” ಎಂದೆ.

ಭಾವ ನಗಲಿಲ್ಲ. ಟ್ಯಾಂಕನ್ನು ಕೂರಿಸಿ ಅದರ ಮೇಲೆ ದೋಣಿಯ ಅಟ್ಟ ಹೊಡೆದಿದ್ದರು. ತೆಗೆಯಬೇಕೆಂದರೆ ಅಟ್ಟ ಕೊಯ್ಯಬೇಕು. ಆ ಹಲಗೆಗಳು ಮೊಳೆಗಳ ಸುತ್ತ ಮೆತ್ತಗಾಗಿದ್ದವು. ಕಿತ್ತರೆ ಮತ್ತೆ ಮೊಳೆ ಹಿಡಿಯುವುದಿಲ್ಲ. ಅದು ನನಗಿಂತ ಚೆನ್ನಾಗಿ ಅವರಿಗೇ ಗೊತ್ತಿತ್ತು.

“ಈ ವರ್ಷ ಒಂದು ದಾಟಿಸಿಬಿಡು,” ಎಂದರು ಮೆಲ್ಲಗೆ.

ಹಾಗಾಗಿ ಇದ್ದುದರಲ್ಲೇ ಕಾವಲು ಹಾಕಿದೆವು. ಹಳೆಯ ಸಣ್ಣ ಫಿಲ್ಟರಿನ ಬದಲು ಟ್ಯಾಂಕಿಗೂ ಇಂಜಿನ್ನಿಗೂ ನಡುವೆ ದೊಡ್ಡದೊಂದು ಫಿಲ್ಟರ್ ಕೂರಿಸಿದೆ. ಕೆಳಗೆ ಗಾಜಿನ ಬಟ್ಟಲು, ಅದಕ್ಕೊಂದು ಪುಟ್ಟ ನಲ್ಲಿ. ನೀರು ಭಾರ, ಬಟ್ಟಲಿನ ತಳಕ್ಕೆ ಇಳಿದು ಕೂರುತ್ತದೆ. ಬೆಳಿಗ್ಗೆ ನಲ್ಲಿ ತಿರುಗಿಸಿದರೆ ಹೋಗುತ್ತದೆ. ಕಸ ಮೇಲಿನ ಕಾಗದಕ್ಕೆ ಅಂಟಿಕೊಳ್ಳುತ್ತದೆ. ಆ ನಲ್ಲಿಯ ಕೆಲಸ ಅಕ್ಕ ವಹಿಸಿಕೊಂಡಳು. ಹೊಸ ಡೀಸೆಲ್ಲನ್ನು ದಪ್ಪ ಬಟ್ಟೆಯಲ್ಲಿ ಸೋಸದೆ ಒಂದು ಲೋಟವನ್ನೂ ಟ್ಯಾಂಕಿಗೆ ಬಿಡುತ್ತಿರಲಿಲ್ಲ. ಕಡವಿನವರು ಅವಳಿಗೆ ಜರಡಿಯಕ್ಕ ಎಂದು ಹೆಸರಿಟ್ಟರು. “ಜರಡಿಯಕ್ಕಾ, ನಮ್ಮನೆಯವರನ್ನೂ ಸ್ವಲ್ಪ ಸೋಸಿಕೊಡಿ,” ಎಂದು ದಾಟುವ ಹೆಂಗಸರು ರೇಗಿಸಿದರೆ, “ನಿಮ್ಮನೆಯವರನ್ನ ಸೋಸಿದ್ರೆ ಕೆಳಗೆ ಏನೂ ಬೀಳಲ್ಲ ಕಣ್ರೇ,” ಅನ್ನುತ್ತಿದ್ದಳು.

ಮೊದಮೊದಲು ಭಾವ ಕೆಲವೇ ದಿನಕ್ಕೊಮ್ಮೆ ನನ್ನ ಅಂಗಡಿಗೆ ಬಂದು ಹೊಸ ಫಿಲ್ಟರ್ ಕಾಗದ ಒಯ್ಯುತ್ತಿದ್ದರು. ಆಮೇಲೆ ಬರುವುದು ನಿಂತಿತು. ದಾರಿಯಲ್ಲಿ ಸಿಕ್ಕಾಗ ಕೇಳಿದರೆ, “ನಿನ್ನ ಕಾಗದ ಹಾಗೇ ಹೊಸದಾಗೇ ಇದೆ ಕಣಯ್ಯಾ. ತಲೆಗೆ ಬಂದದ್ದು ತಲೆಪಾಗಿನಲ್ಲಿ ಹೋಯ್ತು,” ಎಂದು ಬೆನ್ನು ತಟ್ಟಿದರು. ಇಂಜಿನ್ ಹೊಸತರ ಹಾಗೆ ಹಾಡುತ್ತಿತ್ತು. ಅಕ್ಕನ ಮುಖಕ್ಕೆ ಬಣ್ಣ ಬಂದಿತ್ತು. ನನಗೂ ಸಂತೋಷವಾಯಿತು. ಸಂತೋಷವಾದಾಗ ಯಾರೂ ಮುಚ್ಚಳ ಬಿಚ್ಚಿ ನೋಡುವುದಿಲ್ಲ.

ಆಚೆ ದಡದಲ್ಲಿ ಮಗಳ ಮನೆಯಿರುವ ಮುದುಕಿಯೊಬ್ಬಳು ಒಂದು ದಿನ ನನ್ನ ಅಂಗಡಿಯ ಮುಂದೆ ಬೈಯುತ್ತ ಹೋದಳು. “ನಿಮ್ಮ ಭಾವಂಗೆ ಹೇಳಪ್ಪ. ಆಚೆ ಕಡೆ ಅರ್ಧ ಗಂಟೆ ಕಾಯ್ತಾರೆ, ಆ ದರಿದ್ರ ಇಂಜಿನ್ ಮಾತ್ರ ಆಫ್ ಮಾಡಲ್ಲ. ಹೊಗೆ ಕುಡ್ದು ಕುಡ್ದು ಸತ್ತೇ ಹೋಗ್ತೀನಿ.”

ನಾನು ಕೈಯಲ್ಲಿದ್ದ ಕೆಲಸ ಕೆಳಗಿಟ್ಟೆ. ಒಂದು ಹನಿ ಡೀಸೆಲ್ಲಿಗೂ ಜೀವ ಬಿಡುವ ಭಾವ, ಜನಕ್ಕೆ ಕಾಯುವಾಗ ಇಂಜಿನ್ ಓಡಲು ಬಿಡುತ್ತಾರೆಯೇ? ಅಷ್ಟು ಹೊಲಸು ಟ್ಯಾಂಕಿಗೆ ಕಟ್ಟಿದ ಫಿಲ್ಟರ್ ಹೊಸದಾಗೇ ಇರುತ್ತದೆಯೇ? ಎರಡನ್ನೂ ಪಕ್ಕದಲ್ಲಿಟ್ಟು ನೋಡಿದೆ.

ಸಂಜೆ ಕೊನೆಯ ಸುತ್ತು ಮುಗಿಸಿ ಜನ ಇಳಿದ ಮೇಲೆ ದೋಣಿ ಹತ್ತಿದೆ. ಭಾವ ಆಗಷ್ಟೇ ಇಂಜಿನ್ ಆರಿಸಿದ್ದರು.

“ಭಾವ, ಒಂದ್ಸಲ ಸ್ಟಾರ್ಟ್ ಮಾಡಿ.”

“ಈಗ್ಯಾಕೆ? ಕೆಲಸ ಮುಗೀತಲ್ಲ.”

ನಾನೇ ಕೀ ತಿರುಗಿಸಿದೆ. ಸೆಲ್ಫ್ ಸುತ್ತಿತು, ಸುತ್ತುತ್ತಲೇ ಇತ್ತು. ಇಂಜಿನ್ ಹಿಡಿಯಲಿಲ್ಲ. ಫಿಲ್ಟರಿನ ಮುಚ್ಚಳ ಬಿಚ್ಚಿದೆ. ಒಳಗೆ ಕಾಗದವೇ ಇರಲಿಲ್ಲ. ಖಾಲಿ ಡಬ್ಬಿ, ತುಂಬ ಡೀಸೆಲ್, ಅದರಲ್ಲಿ ತೇಲುತ್ತಿದ್ದ ಕಪ್ಪು ಎಳೆಗಳು.

ಭಾವ ಹಲಗೆಯ ಮೇಲೆ ಕೂತರು. “ಅವತ್ತು ದೋಣಿ ತುಂಬ ಜನ. ನಡುನೀರಲ್ಲಿ ಉಬ್ಬಸ ಬಂದ ಹಾಗೆ ಮಾಡೋಕೆ ಶುರುವಾಯ್ತು. ಗಂಟೆಯಣ್ಣ ದಡದ ಮೇಲೆ ನಿಂತು ನನ್ನನ್ನೇ ನೋಡ್ತಿದ್ದ. ಹೊಸ ಕಾಗದ ಹಾಕಿ, ಗಾಳಿ ತೆಗೆದು, ಅಷ್ಟೆಲ್ಲ ಮಾಡೋ ಹೊತ್ತಿಗೆ ನಿಂತ ಹಾಗೇ ಲೆಕ್ಕ ಅಲ್ವೇನಯ್ಯಾ? ಹಾಗೂ ಹೀಗೂ ದಡ ಮುಟ್ಟಿಸಿದೆ. ಮುಟ್ಟಿಸಿದವನೇ ಕಾಗದ ಕಿತ್ತು ಎಸೆದೆ. ಒಂದೇ ದಿನ ಅಂದ್ಕೊಂಡೆ. ಮಾರನೇ ದಿನ ಎಷ್ಟು ಚೆನ್ನಾಗಿ ಓಡ್ತು ಗೊತ್ತಾ?”

“ಓಡದೆ ಏನು ಮಾಡುತ್ತೆ ಭಾವ? ಬಾಗಿಲು ತೆಗೆದ ಮನೆಗೆ ನಾಯಿ ನುಗ್ಗಿದ ಹಾಗೆ ಎಲ್ಲಾ ಪಂಪಿಗೆ ನುಗ್ಗಿದೆ. ಡೀಸೆಲ್ ಪಂಪಿನ ಒಳಗೆ ಕೂದಲೆಳೆ ಹೋಗುವಷ್ಟೂ ಜಾಗ ಇರಲ್ಲ. ಅದನ್ನ ತುಕ್ಕು ತಿಂದಿದೆ, ನೀರು ತಿಂದಿದೆ.”

“ಬೆಳಗ್ಗೆ ಒಂದೇ ಏಟಿಗೆ ಸ್ಟಾರ್ಟ್ ಆಗುತ್ತಲ್ಲಯ್ಯಾ!”

“ತಣ್ಣಗಿರುವಾಗ ಡೀಸೆಲ್ ಸ್ವಲ್ಪ ದಪ್ಪ ಇರುತ್ತೆ, ಸವೆದ ಸಂದಿನಲ್ಲಿ ಸೋರಲ್ಲ. ಬಿಸಿಯಾಗಿ ತೆಳ್ಳಗಾದ್ರೆ, ಸೆಲ್ಫಿನ ನಿಧಾನ ಸುತ್ತಿಗೆ ಒಳಗೇ ಸೋರಿಹೋಗುತ್ತೆ, ಜೋರಾಗಿ ಓಡ್ತಿರುವಾಗ ಮಾತ್ರ ಹೇಗೋ ತಳ್ಳುತ್ತೆ. ಅದಕ್ಕೇ ಆಚೆ ದಡದಲ್ಲಿ ಆಫ್ ಮಾಡೋಕೆ ನಿಮಗೆ ಭಯ.”

 “ಅವಳಿಗೆ ಹೇಳ್ಬೇಡ,” ಎಂದರು ಭಾವ.

“ಯಾರಿಗೆ?” ಎಂಬ ದನಿ ಬಂತು. ಅಕ್ಕ ಕ್ಯಾನು ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದಳು. ಖಾಲಿ ಡಬ್ಬಿಯನ್ನು ಬಗ್ಗಿ ನೋಡಿದಳು. ಅವಳು ದಿನವೂ ಬೆಳಿಗ್ಗೆ ಅದರ ಕೆಳಗಿನ ನಲ್ಲಿ ತಿರುಗಿಸಿ ನೀರು ಬಿಡುತ್ತಿದ್ದವಳು. ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ.

“ಪಂಪು ಹೋಯ್ತೇನೋ?”

“ಹೋಗ್ತಾ ಇದೆ.”

“ಎಲ್ಲಿ ನಿಲ್ಲುತ್ತೆ?”

“ಅದನ್ನ ಹೇಳೋಕಾಗಲ್ಲ ಅಕ್ಕ. ಇಲ್ಲೇ ಹಗ್ಗದ ಹತ್ತಿರ ನಿಲ್ಲಬಹುದು. ನಡುನೀರಿನ ಸೆಳವಿನಲ್ಲೂ ನಿಲ್ಲಬಹುದು.”

“ಹೊಸ ಪಂಪು?”

“ಅದರ ಬೆಲೆಗೆ ಅರ್ಧ ದೋಣಿ ಬರುತ್ತೆ. ತಂದ್ರೂ ಈ ಟ್ಯಾಂಕಿರೋವರೆಗೆ ಅದಕ್ಕೂ ನೆಮ್ಮದಿ ಇಲ್ಲ.”

ಅವಳು ಕ್ಯಾನನ್ನು ಕೆಳಗಿಟ್ಟು ಮನೆಗೆ ನಡೆದಳು. ನಾನು ಡಬ್ಬಿಗೆ ಹೊಸ ಕಾಗದ ಹಾಕಿ ಮುಚ್ಚಿದೆ. ಪ್ರಯೋಜನವಿಲ್ಲವೆಂದು ಗೊತ್ತಿದ್ದರೂ ಕೈ ಸುಮ್ಮನಿರಲಿಲ್ಲ.

ಮರುದಿನ ಬೆಳಿಗ್ಗೆ ಭಾವ ಹೇಳಿದಂತೆ ಒಂದೇ ಏಟಿಗೆ ಇಂಜಿನ್ ಹಿಡಿಯಿತು. ಅವರು ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ಶಾಲೆಯ ಮಕ್ಕಳು, ಕಂಕುಳಲ್ಲಿ ಕೂಸು ಎತ್ತಿಕೊಂಡ ತಾಯಿ, ಹೊಗೆಗೆ ಬೈಯುವ ಆ ಮುದುಕಿ, ಎಲ್ಲರೂ ಹತ್ತಲು ಸಾಲು ನಿಂತಿದ್ದರು. ಅಕ್ಕ ಸಾಲನ್ನು ದಾಟಿ ಗಂಟೆಯಣ್ಣನ ಹತ್ತಿರ ಹೋದಳು.

“ಅಣ್ಣಾ, ನಮ್ಮ ಸರದಿ ಬಿಟ್ಟೆವು.”

ಮುದುಕ ಗಂಟೆಯ ಹಗ್ಗ ಹಿಡಿದವನು ಹಾಗೇ ನಿಂತ. “ಏನಮ್ಮಾ ಇದು? ಇನ್ನೂ ಎರಡೇ ಸಲ ಅಲ್ವಾ ನಿಂತಿರೋದು?”

“ಮೂರನೇದು ನಡುನೀರಲ್ಲಿ ಬೇಡ. ಮಕ್ಕಳಿದ್ದಾರೆ.”

“ನೋಡಮ್ಮ, ಬಾಯಿಬಿಟ್ಟು ಹೇಳಿದ್ರೆ ಆಗ್ಹೋಯ್ತು. ಬಿಟ್ಟ ಸರದಿ ಯಾರಿಗೂ ವಾಪಸ್ ಕೊಟ್ಟಿಲ್ಲ ನಾನು. ಯಜಮಾನ್ರನ್ನ ಒಂದು ಮಾತು ಕೇಳು.”

“ಕೇಳಿದ್ರೆ ಅವರು ಹೂಂ ಅಂತಾರಾ?”

ಗಂಟೆಯಣ್ಣ ಜನರನ್ನು ಹೊಸ ದೋಣಿಯ ಕಡೆಗೆ ಕೈ ಮಾಡಿ ಕಳಿಸಿದ. ಭಾವನಿಗೆ ಮೊದಲು ಏನೂ ಅರ್ಥವಾಗಲಿಲ್ಲ. ಅರ್ಥವಾದಾಗ ಅವರು ಕೂಗಾಡಲೂ ಇಲ್ಲ. “ಇಪ್ಪತ್ತು ವರ್ಷ ನಾನು ಹಿಡಿದ ಚುಕ್ಕಾಣಿ ಕಣೇ ಇದು,” ಎಂದರು ಅಷ್ಟೇ. ಆಮೇಲೆ ಹಗ್ಗ ಬಿಚ್ಚಿ ಖಾಲಿ ದೋಣಿಯನ್ನು ಹೊಳೆಗೆ ಬಿಟ್ಟರು.

ನಾನೂ ಅಕ್ಕನೂ ದಡದಲ್ಲಿ ನಿಂತು ನೋಡಿದೆವು. ದೋಣಿ ಸೆಳವು ದಾಟಿತು, ಆಚೆ ದಡ ಮುಟ್ಟಿತು, ತಿರುಗಿತು, ಈಚೆಗೆ ಬಂತು. ಮತ್ತೆ ಹೋಯಿತು, ಮತ್ತೆ ಬಂತು. ಒಮ್ಮೆಯೂ ಮುಗ್ಗರಿಸಲಿಲ್ಲ. ನೋಡುತ್ತಿದ್ದವರಲ್ಲಿ ಯಾರೋ, “ಜರಡಿಯಕ್ಕಂಗೆ ತಲೆ ಕೆಟ್ಟಿದೆ, ಎಷ್ಟು ಚೆನ್ನಾಗಿ ಓಡ್ತಿದೆ,” ಎಂದರು. ಅಕ್ಕ ಕೇಳಿಸಿಕೊಂಡಳು. ನಿಲ್ಲಲಿ ಎಂದು ಅವಳು ಬೇಡಿಕೊಂಡಳೋ, ನಿಲ್ಲದಿರಲಿ ಎಂದೋ, ನನಗೆ ತಿಳಿಯಲಿಲ್ಲ.

ಭಾವ ದೋಣಿಯನ್ನು ಕಟ್ಟೆಗೆ ತಾಗಿಸಿದರು. ಬೆವರಿ ನೀರಾಗಿದ್ದರು. “ನಿಂತಿತೇನೇ? ಎಲ್ಲರ ಮುಂದೆ ಹೇಳು. ನಿಂತಿತಾ?”

 ನಾನು ಹತ್ತಿ ಪಂಪಿನ ಮೇಲೆ ಕೈ ಇಟ್ಟೆ. ಸುಡುತ್ತಿತ್ತು.

“ಭಾವ, ಈಗ ಆಫ್ ಮಾಡಿ ಸ್ಟಾರ್ಟ್ ಮಾಡಿ ತೋರಿಸಿ. ಒಂದೇ ಸಲ ಸಾಕು. ಹಿಡಿದರೆ ನಾನೇ ಗಂಟೆಯಣ್ಣನ ಕಾಲು ಹಿಡೀತೀನಿ.”

ಅವರ ಕೈ ಕೀಯವರೆಗೆ ಹೋಯಿತು. ಬೆರಳು ಅದರ ಮೇಲೆ ಕೂತಿತು. ಜನ ಕಾದರು, ಆಮೇಲೆ ಕೆಲಸ ನೆನಪಾಗಿ ಒಬ್ಬೊಬ್ಬರೇ ಚದುರಿದರು. ಹೊಸ ದೋಣಿಗೆ ಗಂಟೆ ಹೊಡೆಯಿತು. ಭಾವ ಕೀ ತಿರುಗಿಸಲಿಲ್ಲ.

“ಬಿಡೋ ಅವರನ್ನ,” ಎಂದಳು ಅಕ್ಕ. ದೋಣಿಗೆ ಹತ್ತಿ ಗಂಡನ ಪಕ್ಕದ ಹಲಗೆಯ ಮೇಲೆ ಕೂತಳು. ಅವರು ಮುಖ ಆಚೆ ತಿರುಗಿಸಿದರು, ಆದರೆ ಅವಳಿಗೆ ಜಾಗವಾಗಲೆಂದು ಸ್ವಲ್ಪ ಸರಿದರು. ಆರಿಸದ ಇಂಜಿನ್ನಿಗೆ ದೋಣಿ ಕಟ್ಟಿದ ಹಗ್ಗದಲ್ಲಿ ಹಾಗೇ ನಡುಗುತ್ತಿತ್ತು. ಟ್ಯಾಂಕಿನಲ್ಲಿ ಇನ್ನೂ ಅರ್ಧದಷ್ಟು ಡೀಸೆಲ್ ಇತ್ತು.