ನೂರ ಅರವತ್ತೆರಡೋ, ನೂರ ಎಪ್ಪತ್ತೈದೋ

“ಎತ್ತಿ ನೋಡು, ಕೈಗೇ ಗೊತ್ತಾಗುತ್ತೆ,” ಎಂದ ಗೇಲನ್.

ಟ್ವೈಲಾ ಕೋವಿಯ ಎರಡು ಗುಂಡುಗಳನ್ನು ಎರಡು ಅಂಗೈಗಳಲ್ಲಿಟ್ಟುಕೊಂಡು ತೂಗಿದಳು. ಒಂದರ ತೂಕ ನೂರ ಅರವತ್ತೆರಡು ಗ್ರೇನ್, ಇನ್ನೊಂದರದು ನೂರ ಎಪ್ಪತ್ತೈದು. ಶಾಲೆಯ ಅಡುಗೆಮನೆಯಲ್ಲಿ ಇನ್ನೂರು ಮಕ್ಕಳ ಸಾರಿಗೆ ಅಂದಾಜಿನಲ್ಲೇ ಉಪ್ಪು ಹಾಕುವ ಕೈ ಅವಳದು. ಆದರೂ ವ್ಯತ್ಯಾಸ ತಿಳಿಯಲಿಲ್ಲ. ವ್ಯತ್ಯಾಸ ಇದ್ದದ್ದಾದರೂ ಎಷ್ಟು, ಒಂದು ಚಿಟಿಕೆ ಉಪ್ಪಿನಷ್ಟು.

“ಇದು ಸ್ವಲ್ಪ ಭಾರ ಅನ್ಸುತ್ತೆ,” ಎಂದು ಎಡಗೈ ಚಾಚಿದಳು.

“ಅದು ಹಗುರದ್ದು ಕಣೇ.” ಗೇಲನ್ ನಿಟ್ಟುಸಿರುಬಿಟ್ಟು ಅವೆರಡನ್ನೂ ಮತ್ತೆ ಊಟದ ಮೇಜಿನ ಮೇಲೆ ನಿಲ್ಲಿಸಿದ. “ಹಗುರದ್ದು ಜೋರಾಗಿ ಹೋಗುತ್ತೆ, ಜಾಸ್ತಿ ಕೆಳಗಿಳಿಯಲ್ಲ. ಭಾರದ್ದು ಗಾಳಿಗೆ ಜಗ್ಗಲ್ಲ, ಮೂಳೆ ಅಡ್ಡ ಬಂದ್ರೂ ನುಗ್ಗುತ್ತೆ. ನಿಂಗೆ ಯಾವ್ದು ಬೇಕು? ಭಾರದ್ದೇ ತಾನೇ? ಆದ್ರೆ ಹೆಗಲಿಗೆ ಒದೆಯುತ್ತೆ. ಹಗುರದ್ದೇ ಇರ್ಲಿ ಬಿಡು. ಆದ್ರೆ ಗಾಳಿ ಎದ್ರೆ ಏನ್ ಮಾಡ್ತೀಯ?”

ಟ್ವೈಲಾ ಹೂಂ ಅಂದಳು. ಯಾವುದಕ್ಕೆ ಹೂಂ ಅಂದದ್ದೆಂದು ಅವಳಿಗೂ ತಿಳಿಯದು. ಅವನು ಹಗುರದ್ದರ ಪರ ಮಾತಾಡುವಾಗ ಹಗುರದ್ದೇ ಸರಿ, ಭಾರದ್ದರ ಪರ ಮಾತಾಡುವಾಗ ಭಾರದ್ದೇ ಸರಿ. ತಿಂಗಳಿನಿಂದ ಇದೇ ಪಾಡು, ಅವಳ ತಲೆ ಕೆಟ್ಟು ಗೊಬ್ಬರವಾಗಿತ್ತು.

ವಯೋಮಿಂಗಿನ ಬೆಟ್ಟದ ಸೀಮೆಯಲ್ಲಿ ಎಲ್ಕ್ ಎಂಬ ಭಾರಿ ಜಿಂಕೆಯ ಗಂಡನ್ನು ಹೊಡೆಯಲು ಸರ್ಕಾರ ಚೀಟಿ ಎತ್ತಿ ಪರವಾನಗಿ ಕೊಡುತ್ತದೆ. ಸಾವಿರಾರು ಜನ ಅರ್ಜಿ ಹಾಕುತ್ತಾರೆ, ಬೆರಳೆಣಿಕೆಯಷ್ಟು ಜನರಿಗೆ ಬರುತ್ತದೆ. ಒಮ್ಮೆ ಬಂದವರು ಈ ಜನ್ಮದಲ್ಲಿ ಇನ್ನೊಂದನ್ನು ಕನಸಿನಲ್ಲೂ ಎಣಿಸುವ ಹಾಗಿಲ್ಲ. ಅಲ್ಲಿನ ಗಂಡಸರು ತಮ್ಮ ಹೆಸರಿನ ಜೊತೆ ಹೆಂಡತಿಯ ಹೆಸರನ್ನೂ ಹಾಕುವುದು ವಾಡಿಕೆ. ಮನೆಗೆ ಎರಡು ಚೀಟಿ ಆಯಿತಲ್ಲ ಎಂಬ ಲೆಕ್ಕಾಚಾರ. ರಸ್ತೆ ಸಮ ಮಾಡುವ ಯಂತ್ರ ಓಡಿಸುವ ಗೇಲನ್ ಮದುವೆಯಾದ ವರ್ಷದಿಂದಲೂ ಹಾಗೇ ಹಾಕುತ್ತ ಬಂದಿದ್ದ, ಟ್ವೈಲಾ ನೋಡದೆಯೇ ಸಹಿ ಮಾಡುತ್ತ ಬಂದಿದ್ದಳು. ಈ ವರ್ಷ ಬಂದದ್ದು ಟ್ವೈಲಾಳ ಹೆಸರು. ಗೇಲನ್ ಅವಳನ್ನು ಎತ್ತಿ ಗಿರ್ರನೆ ತಿರುಗಿಸಿದ್ದ. ಆಮೇಲೆ ಕೊಟ್ಟಿಗೆಗೆ ಹೋದವನು ಊಟಕ್ಕೆ ಕರೆಯುವವರೆಗೂ ಹೊರಗೆ ಬಂದಿರಲಿಲ್ಲ. ಪರವಾನಗಿ ಯಾರ ಹೆಸರಿಗೋ ಅವರೇ ಗುಂಡು ಹಾರಿಸಬೇಕು, ಇಲ್ಲದಿದ್ದರೆ ಕಳ್ಳಬೇಟೆ. ಟ್ವೈಲಾ ಹುಡುಗಿಯಾಗಿದ್ದಾಗ ಅಪ್ಪನ ಜೊತೆ ಒಂದೆರಡು ಜಿಂಕೆ ಹೊಡೆದವಳು, ಅಷ್ಟೇ. ಗಂಡನ ಆಸೆಯೆಲ್ಲ ಈಗ ಅವಳ ಹೆಗಲ ಮೇಲೆ ಬಿದ್ದಿತ್ತು. ತಪ್ಪಿದರೆ ಅವನು ಬೈಯುವುದಿಲ್ಲ, ಆದರೆ ಮರೆಯುವುದೂ ಇಲ್ಲ. ಅವಳಿಗೆ ಹೆದರಿಕೆಯಿದ್ದದ್ದು ಅದಕ್ಕೇ.

ಅಷ್ಟರಲ್ಲಿ ಗೇಲನ್‌ನ ಅಕ್ಕ ನಾರ್ಲೀನ್ ಸೇಬಿನ ಪೈ ಹಿಡಿದು ಒಳಗೆ ಬಂದಳು. ಮೇಜಿನ ಮೇಲಿನ ಗುಂಡು, ತಕ್ಕಡಿ, ಕೋಷ್ಟಕಗಳನ್ನೆಲ್ಲ ಪಕ್ಕಕ್ಕೆ ಸರಿಸಿ ತಟ್ಟೆ ಇಟ್ಟಳು.

“ಲೋ, ಹೆಂಡ್ತೀನ ಬೇಟೆಗೆ ಕಳಿಸ್ತಿದೀಯೋ, ಚಂದ್ರನ ಮೇಲೆ ಇಳಿಸ್ತಿದೀಯೋ?”

“ಸುಮ್ನಿರು ನಾರ್ಲೀನ್. ಐನೂರು ಗಜದಾಚೆಯಿಂದ ಹೊಡೀಬೇಕು. ಆ ಬೋಳು ಬೆಟ್ಟದಲ್ಲಿ ಹತ್ರ ಹೋಗೋಕೆ ಮರೆ ಎಲ್ಲಿದೆ?”

“ಯಾರು ಹೇಳಿದ್ದು ಐನೂರು ಗಜ ಅಂತ? ಅವಳು ಹೇಳಿದ್ಲಾ?”

“ಅವಳಿಗೇನ್ ಗೊತ್ತಾಗುತ್ತೆ,” ಎಂದ ಗೇಲನ್. ಕೊಂಕಿಲ್ಲದೆ, ಪ್ರೀತಿಯಿಂದಲೇ ಅಂದ. ಟ್ವೈಲಾ ಪೈ ಕತ್ತರಿಸಲು ಚಾಕು ಹುಡುಕಿದಳು.

ಊರಾಚೆಯ ಜಲ್ಲಿ ಗುಂಡಿಯಲ್ಲಿ ಅಭ್ಯಾಸ ನಡೆಯುತ್ತಿತ್ತು. ಭಾರದ್ದನ್ನು ಹೊಡೆದರೆ ತೂತುಗಳು ಹಲಗೆಯ ತುಂಬ ಹರಡುತ್ತಿದ್ದವು. ಗೇಲನ್ ಗುಂಡನ್ನು ದೂರಿ ಹಗುರದ್ದನ್ನು ತುಂಬುತ್ತಿದ್ದ. ಅದೂ ಹರಡುತ್ತಿತ್ತು. ಆಗ ಮದ್ದಿನ ಅಳತೆಯನ್ನು ದೂರಿ ಮನೆಗೆ ಹೋಗಿ ಹೊಸದಾಗಿ ತೋಟಾ ಕಟ್ಟುತ್ತಿದ್ದ. ಟ್ವೈಲಾಳಿಗೆ ನಿಜ ಗೊತ್ತಿತ್ತು: ಕೋವಿಯ ಕುದುರೆ ಎಳೆಯುವ ಹೊತ್ತಿಗೆ ಅವಳ ಕಣ್ಣು ತಾನಾಗೇ ಮುಚ್ಚಿಕೊಳ್ಳುತ್ತಿತ್ತು. ಹೇಳಿದರೆ ಅವನು ಕುಸಿದುಹೋಗುತ್ತಾನೆ. ಹೇಳದಿದ್ದರೆ ಪಾಪ, ಇನ್ನೂ ನೂರು ತೋಟಾ ಕಟ್ಟುತ್ತಾನೆ. ಯಾವುದು ದೊಡ್ಡ ಪಾಪವೆಂದು ತೀರ್ಮಾನಿಸಲಾಗದೆ ಅವಳು ಕಿವಿಯ ಮುಚ್ಚಳವನ್ನು ಇನ್ನಷ್ಟು ಬಿಗಿ ಮಾಡಿಕೊಂಡಳು.

ಕೊನೆಗೆ ಗೇಲನ್ ಎರಡನ್ನೂ ಒಯ್ಯುವುದೆಂದು ತೀರ್ಮಾನಿಸಿದ. ಗಾಳಿಯಿಲ್ಲದಿದ್ದರೆ ಹಗುರದ್ದು, ಇದ್ದರೆ ಭಾರದ್ದು. ಭಾರದ ತೋಟಾಗಳ ಬುಡಕ್ಕೆ ಕಪ್ಪು ಶಾಯಿಯ ಗುರುತು ಹಾಕಿದ. ಕೋವಿಯ ಹಿಡಿಗೆ ಎರಡು ಪಟ್ಟಿ ಅಂಟಿಸಿದ, ಯಾವ ಗುಂಡಿಗೆ ಎಷ್ಟು ದೂರಕ್ಕೆ ದುರ್ಬೀನಿನ ತಿರುಪು ಎಷ್ಟು ತಿರುಗಿಸಬೇಕೆಂದು.

ಅಕ್ಟೋಬರಿನ ಒಂದು ಮಧ್ಯಾಹ್ನ ಅವರಿಬ್ಬರೂ ದಿಣ್ಣೆಯ ನೆತ್ತಿಯ ಮೇಲೆ ಹೊಟ್ಟೆ ಅಡಿಯಾಗಿ ಮಲಗಿದ್ದರು. ಎದುರಿನ ಇಳಿಜಾರಿನ ಹುಲ್ಲಿನಲ್ಲಿ ಗಂಡು ಎಲ್ಕ್ ನಿಂತಿತ್ತು. ಕುತ್ತಿಗೆ ಕಡುಕಂದು, ಮೈ ಒಣಹುಲ್ಲಿನ ಬಣ್ಣ, ಕೊಂಬು ಬೆನ್ನಿನ ಅರ್ಧದವರೆಗೂ ಚಾಚಿತ್ತು.

“ಐನೂರ ನಲವತ್ತು,” ಎಂದು ಗೇಲನ್ ದೂರ ಅಳೆಯುವ ಯಂತ್ರದಿಂದ ಕಣ್ಣು ತೆಗೆಯದೆ ಪಿಸುಗುಟ್ಟಿದ. “ಗಾಳಿ ಇದೆಯಾ? ಇದೆ. ಭಾರದ್ದು ಹಾಕು. ತಡಿ, ನಿಂತ್ಹೋಯ್ತು. ಹಗುರದ್ದೇ ಇರ್ಲಿ. ಇಲ್ಲ ಇಲ್ಲ, ನೋಡು, ಅಲ್ಲಿ ಹುಲ್ಲು ಅಲ್ಲಾಡ್ತಿದೆ.”

ಅವನೇ ಕೋವಿಯನ್ನು ಎಳೆದುಕೊಂಡು ತೋಟಾಗಳನ್ನು ತೆಗೆದ, ಜೇಬಿನಿಂದ ಬೇರೆ ತೆಗೆದ, ಮತ್ತೆ ಬದಲಿಸಿದ. ಆಮೇಲೆ ಅವನ ಕೈ ನಿಂತಿತು. ಅಂಗೈಯಲ್ಲಿದ್ದ ತೋಟಾಗಳ ಬುಡ ತಿರುಗಿಸಿ ನೋಡಿದ. ಜೇಬಿನೊಳಗೆ ಉಜ್ಜಿ ಉಜ್ಜಿ ಶಾಯಿ ಎಲ್ಲವಕ್ಕೂ ಬಳಿದುಕೊಂಡಿತ್ತು. ಗುಂಡುಗಳ ತುದಿಗಳೂ ಎಲ್ಲ ಒಂದೇ ಕೆಂಪು.

“ಯಾವ್ದು ಯಾವ್ದು ಅಂತ...” ಗೇಲನ್‌ನ ಮುಖ ಬಿಳಿಚಿಕೊಂಡಿತು. ಅಷ್ಟು ದೂರದಲ್ಲಿ ತಪ್ಪು ಗುಂಡಿಗೆ ತಪ್ಪು ಪಟ್ಟಿ ನೋಡಿದರೆ ಎದೆಗೆ ಬೀಳಬೇಕಾದ್ದು ಗೇಣು ಆಚೀಚೆಯಾಗಿ ಹೊಟ್ಟೆಗೋ ಕಾಲಿಗೋ ಬೀಳುತ್ತದೆ. ಅದು ಅವನಿಗೆ ಗೊತ್ತಿತ್ತು, ಈ ಒಂದು ತಿಂಗಳಲ್ಲಿ ಅವಳಿಗೂ ಗೊತ್ತಾಗಿತ್ತು.

“ಕೊಡು, ನಾನೇ ಹೊಡೀತೀನಿ,” ಎಂದ. “ಒಂದು ಗುಂಡು ಬಿದ್ದ ಜಾಗ ನೋಡಿದ್ರೆ ಯಾವ್ದು ಅಂತ ತಿಳಿಯುತ್ತೆ, ಎರಡನೇದು ಸರಿಮಾಡ್ಕೋತೀನಿ. ಇಲ್ಲಿ ಯಾರಿದಾರೆ ನೋಡೋಕೆ?”

ಕೋವಿ ಅವನ ಕೈಯಲ್ಲೇ ಇತ್ತು. ಕೊಡುವುದೇನು, ಸುಮ್ಮನಿದ್ದರೆ ಸಾಕಿತ್ತು. ಸುಮ್ಮನಿರುವುದು ಅವಳಿಗೆ ಕಷ್ಟದ ಕೆಲಸವೂ ಅಲ್ಲ. ಇಷ್ಟು ವರ್ಷ ಕಾದವನು, ಅವನೇ ಹೊಡೆಯಲಿ ಎಂದು ಒಂದು ಮನಸ್ಸು. ಆ ಪ್ರಾಣಿಗೆ ಮೊದಲ ಗುಂಡು ಎಲ್ಲಿ ಬೀಳುತ್ತೋ ನೋಡೋಣ ಅನ್ನುತ್ತಾನಲ್ಲ ಎಂದು ಇನ್ನೊಂದು. ಎರಡೂ ಸೇರಿ ಎದೆಯಲ್ಲಿ ಕಲಸುಮೇಲೋಗರವಾಯಿತು.

“ಕೋವಿ ಈ ಕಡೆ ಕೊಡು,” ಅಂದದ್ದು ತನ್ನದೇ ದನಿ ಎಂದು ಅವಳಿಗೆ ಗೊತ್ತಾಗಲು ಒಂದು ಗಳಿಗೆ ಹಿಡಿಯಿತು. “ನಾನು ಕೆಳಗಿಳಿದು ಹೋಗ್ತೀನಿ. ಆ ಒಣ ಹಳ್ಳ ಕಾಣುತ್ತಲ್ಲ, ಅದರೊಳಗೆ.”

“ಹುಚ್ಚು ಹಿಡಿದಿದೆಯಾ? ಓಡಿಹೋಗುತ್ತೆ.”

“ಓಡಿದ್ರೆ ಓಡ್ಲಿ.”

“ಟ್ವೈಲಾ, ಇನ್ನೊಂದ್ ಸಲ ಬರಲ್ಲ ಕಣೇ ಇದು.”

“ಗೊತ್ತು. ಜಲ್ಲಿ ಗುಂಡೀಲಿ ನಾನು ಕಣ್ಮುಚ್ಕೊಂಡು ಹೊಡೀತಿದ್ದೆ ಮಾರಾಯ. ನಿನ್ನ ಗುಂಡುಗಳದ್ದೇನೂ ತಪ್ಪಿರ್ಲಿಲ್ಲ.”

ಗೇಲನ್ ಕೋವಿಯನ್ನು ಅವಳತ್ತ ಸರಿಸಿದ. ಅವಳು ಕೈಗೆ ಸಿಕ್ಕಿದ ಮೂರು ತೋಟಾ ತೆಗೆದುಕೊಂಡು ಹಿಂದಕ್ಕೆ ತೆವಳಿದಳು.

ಹಳ್ಳದಲ್ಲಿ ಗಾಳಿ ಮುಖಕ್ಕೇ ಬೀಸುತ್ತಿತ್ತು. ಕಲ್ಲುಗಳು ಮಂಡಿಗೆ ಚುಚ್ಚಿದವು, ಮೂಗು ಸೋರಿತು. ದಾರಿಯುದ್ದಕ್ಕೂ ತಾನು ಮಾಡುತ್ತಿರುವುದು ದಡ್ಡತನವೋ ಜಾಣತನವೋ ಎಂದು ಕೇಳಿಕೊಂಡಳು. ಹಳ್ಳ ಮುಗಿದಲ್ಲಿ ಪೊದೆಯ ಸಂದಿಯಿಂದ ತಲೆ ಎತ್ತಿದಳು. ಎಲ್ಕ್ ಅಲ್ಲೇ ಇತ್ತು, ಇಷ್ಟು ಹತ್ತಿರ ಇಷ್ಟು ದೊಡ್ಡದು. ಅದು ಹುಲ್ಲು ಅಗಿಯುವುದು ಕಾಣುತ್ತಿತ್ತು. ಅವಳು ತಿರುಪು ಮುಟ್ಟಲಿಲ್ಲ, ಪಟ್ಟಿ ನೋಡಲಿಲ್ಲ. ಈ ದೂರದಲ್ಲಿ ಎರಡೂ ಗುಂಡು ಒಂದೇ ಕಡೆ ಬೀಳುತ್ತವೆ. ಕೋವಿಯನ್ನು ಕಲ್ಲಿನ ಮೇಲೆ ಊರಿ, ಮುಂಗಾಲಿನ ಹಿಂದಿನ ಮಡಿಕೆಯನ್ನೇ ನೋಡುತ್ತ ಕುದುರೆ ಎಳೆದಳು. ಕಣ್ಣುಗಳು ತೆರೆದೇ ಇದ್ದವು. ಎಲ್ಕ್ ನಾಲ್ಕು ಹೆಜ್ಜೆ ನಡೆದು, ಏನೋ ನೆನಪಾದಂತೆ ನಿಂತು, ಮಗ್ಗುಲಾಗಿ ಬಿತ್ತು.

ಅವಳು ಅದರ ಪಕ್ಕ ಹೋಗಿ ಕುಳಿತಳು. ಕುತ್ತಿಗೆಯ ಕೂದಲು ಬೆಚ್ಚಗಿತ್ತು. ಅಳು ಬಂತು, ಜೊತೆಗೆ ಜೋರಾಗಿ ನಗಬೇಕೆಂದೂ ಅನ್ನಿಸಿತು. ಯಾವುದನ್ನು ಮೊದಲು ಮಾಡಬೇಕೆಂದು ತಿಳಿಯದೆ ಅದರ ಕಿವಿ ಸವರುತ್ತ ಕುಳಿತಳು. ದಿಣ್ಣೆಯಿಂದ ಗೇಲನ್‌ನ ಕಿತ್ತಳೆ ಬಣ್ಣದ ಬೇಟೆ ಟೋಪಿ ಬೀಳುತ್ತ ಏಳುತ್ತ ಇಳಿದು ಬರುತ್ತಿತ್ತು. ಅವನು ನಿಧಾನವಾಗಿ ಬರಲಿ, ಇನ್ನೂ ಸ್ವಲ್ಪ ತಡವಾಗಲಿ ಎಂದು ಅವಳು ಮನಸಾರೆ ಬಯಸಿದಳು. ಹಾಗೆ ಬಯಸಿದ್ದಕ್ಕೆ ನಾಚಿಕೆಯಾಯಿತು, ಆದರೂ ಬಯಸಿದಳು.

ಗೇಲನ್ ಏದುಸಿರು ಬಿಡುತ್ತ ಬಂದ. ಅವಳ ಹೆಗಲನ್ನೊಮ್ಮೆ ಅಮುಕಿದ. ಎಲ್ಕಿನ ಸುತ್ತ ಎರಡು ಸುತ್ತು ಬಂದು ಕೊಂಬಿನ ಕವಲುಗಳನ್ನು ಒಂದೊಂದಾಗಿ ಮುಟ್ಟಿದ. ಆಮೇಲೆ ಜೇಬಿನಿಂದ ಫೋನ್ ತೆಗೆದು ಅವಳ ಕೈಗಿಟ್ಟು, ಎಲ್ಕಿನ ಹಿಂದೆ ಮಂಡಿಯೂರಿ, ಎರಡೂ ಕೈಗಳಲ್ಲಿ ಕೊಂಬು ಹಿಡಿದೆತ್ತಿ, ಬೇಟೆ ಹೊಡೆದವನು ಕೂರುವ ಹಾಗೆ ಕೂತ.

ಟ್ವೈಲಾ ಫೋನ್ ಎತ್ತಿ ಹಿಡಿದಳು. ಪರದೆಯಲ್ಲಿ ಅವನು ನಗುತ್ತಿದ್ದ. ಮದುವೆಯ ದಿನವೂ ಅವನು ಹಾಗೆ ನಕ್ಕಿರಲಿಲ್ಲ. ಆಮೇಲೆ ಆ ನಗು ಅಂಚಿನಿಂದ ಮೆಲ್ಲಗೆ ಆರತೊಡಗಿತು. ಅವನು ಕೊಂಬನ್ನು ನೋಡಿದ, ತನ್ನ ಕೈಗಳನ್ನು ನೋಡಿದ, ಹುಲ್ಲಿನ ಮೇಲೆ ಅವಳು ಮಲಗಿಸಿದ್ದ ಕೋವಿಯನ್ನು ನೋಡಿದ.

“ನಾನು ಏಳ್ಲಾ? ನೀನು ಕೂರ್ತೀಯಾ?” ಎಂದ.

ಅವಳು ಫೋನ್ ಹಿಡಿದೇ ಇದ್ದಳು. ಅವನು ಕೊಂಬು ಹಿಡಿದೇ ಇದ್ದ, ಏಳಲಿಲ್ಲ, ಅವಳ ಮುಖವನ್ನೇ ನೋಡುತ್ತ ಕಾದ.