ಯಜಮಾನರ ಜೇಬು

ನಮ್ಮ ಚಿಪ್ಪಿನ ಕಾರ್ಖಾನೆಯ ಯಜಮಾನರಿಗೆ ಒಂದು ಚಾಳಿ. ಒಳ್ಳೆಯ ಚಿಪ್ಪು ಕಣ್ಣಿಗೆ ಬಿದ್ದರೆ ಸಾಕು, ಅಂಗಿಯ ಜೇಬಿಗೆ ಇಳಿಸಿಬಿಡುತ್ತಿದ್ದರು. ಅಲ್ಲಿ ಅಮ್ಮನೂ ನಾನೂ ಪಾಲಿಶ್ ಮಾಡುವವರು, ನನ್ನ ತಮ್ಮ ಕಡಲಲ್ಲಿ ಮುಳುಗಿ ಚಿಪ್ಪು ತರುವವನು. ಆ ಚಾಳಿ ಅವನಿಗೂ ಅಂಟಿತ್ತು.

ಅವನನ್ನು ಕೊಂದದ್ದು ಒಂದು ಕಡಲ ಬಸವನಹುಳು. ಐಸ್‌ಕ್ರೀಮ್ ಕೋನಿನ ಆಕಾರ, ಮೈತುಂಬ ಚಿತ್ತಾರ. ಸೂಜಿಯಂಥ ಹಲ್ಲು ಚುಚ್ಚಿ ವಿಷವೇರಿಸಿ ಮೀನನ್ನೇ ನುಂಗುವ ಜಾತಿ, ಬಟ್ಟೆ ಅಡ್ಡವಿದ್ದರೂ ಬಿಡುವುದಿಲ್ಲ. ಆಗ ನಮಗದು ಹೊಸದು. ಅದೇನೂ ಮಾಡುವುದಿಲ್ಲ, ಜೇಬಿಗೆ ಹಾಕಿಕೊಂಡು ಬಾ ಎಂದು ಯಜಮಾನರೇ ಅವನನ್ನು ಕಳಿಸಿದ್ದರು. ದೋಣಿಯಲ್ಲೇ ಉಸಿರು ನಿಂತಿತು. ತೊಡೆಯ ಮೇಲಿನ ಚುಚ್ಚಿದ ಗುರುತನ್ನು ನಾನೇ ಕಂಡೆ, ಹೇಳಿದರೆ ಯಾರೂ ನಂಬಲಿಲ್ಲ. ಅವನು ಕುಡಿದು ನೀರಿಗಿಳಿದಿದ್ದನೆಂದು ಯಜಮಾನರು ಊರೆಲ್ಲ ಸಾರಿದರು. ಅಂದು ತಲೆ ತಗ್ಗಿಸಿದ ಅಮ್ಮ ಮತ್ತೆ ಎತ್ತಲಿಲ್ಲ, ಮಗನ ಹೆಸರನ್ನೂ ಎತ್ತಲಿಲ್ಲ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಈ ಮನುಷ್ಯ ಮಣ್ಣುಮುಕ್ಕುವುದನ್ನು ಕಣ್ಣಾರೆ ನೋಡಲೇಬೇಕಿತ್ತು.

ಅದೇ ಜಾತಿಯದೊಂದು ಬಲೆಯ ಕಸದಲ್ಲಿ ಬಂತು. ಸೌಟಿನಲ್ಲಿ ಎತ್ತಿ, ಕುದಿಸಿ, ಕೊಕ್ಕೆಯಿಂದ ಮಾಂಸ ಎಳೆದು ಬಿಸಾಡಿದೆ. ಜೀವವಿರುವ ಚಿಪ್ಪಿನ ಮೇಲೆ ತೆಳ್ಳಗೆ ಕಂದು ಸಿಪ್ಪೆಯಿರುತ್ತದೆ, ಅದನ್ನು ಉಜ್ಜಿ ತೆಗೆಯುವುದೇ ನಮ್ಮ ಮೊದಲ ಕೆಲಸ. ಈ ಸಲ ಉಜ್ಜಲಿಲ್ಲ.

ಸಂಜೆ, ಕಡಲಲ್ಲಿ ಮುಳುಗುವವರೆಲ್ಲ ಚಿಪ್ಪಿನ ಚೀಲ ತೂಗಿಸಲು ಬಂದಾಗ ಅದನ್ನು ಉಪ್ಪುನೀರಿನ ಬೋಗುಣಿಯಲ್ಲಿಟ್ಟು ಯಜಮಾನರ ಮುಂದಿಟ್ಟೆ. ಚಾಚಿದ ಕೈ ಅರ್ಧದಲ್ಲೇ ನಿಂತಿತು.

"ಜೇಬಿಗೆ ಹಾಕ್ಕೊಳ್ಳಿ. ಏನೂ ಮಾಡಲ್ವಲ್ಲ" ಎಂದೆ.

ಅವರು ಇಕ್ಕಳ ತಾ ಎಂದರು. ಇಕ್ಕಳ ಯಾಕೆಂದು ಮುಳುಗುವವರಲ್ಲಿ ಹಿರಿಯನಾದ ಉದ್ದಕೈ ಮಾಮ ಕೇಳಿದ.

"ಅದು ಚುಚ್ಚಿದ್ರೆ ಮನುಷ್ಯ ಉಳಿಯಲ್ಲ ಕಣೋ."

ಹೇಳಿದ ಮೇಲೆ ಯಜಮಾನರು ನಾಲಿಗೆ ಕಚ್ಚಿಕೊಂಡರು. ನಾನು ಬೋಗುಣಿಗೆ ಕೈಹಾಕಿ, ಚಿಪ್ಪನ್ನೆತ್ತಿ ಅವರ ಜೇಬಿಗೆ ಇಳಿಸಿದೆ.

ಯಜಮಾನರು ಗುಂಡಿ ಕಿತ್ತುಹೋಗುವಂತೆ ಅಂಗಿ ಕಳಚಿ ಒಗೆದು, ಚಿಪ್ಪಿನ ರಾಶಿಯ ಮೇಲೆ ಕುಸಿದು, ಡಾಕ್ಟರನ್ನು ಕರೆಯಿರಿ ಎಂದು ಗೋಳಿಟ್ಟರು. ಕಾಲು ಹಿಡಿಯುವುದೊಂದು ಬಾಕಿ. ಅಳಲಿ ಎಂದು ಬಿಟ್ಟೆ. ನನ್ನ ಹೊಟ್ಟೆ ತಣ್ಣಗಾಯಿತು.

ಅಮ್ಮ ಪಾಲಿಶ್ ಬಟ್ಟೆ ಕೆಳಗಿಟ್ಟು ಎದ್ದಳು. ಉರುಳಿಬಿದ್ದಿದ್ದ ಚಿಪ್ಪನ್ನು ಎತ್ತಿ ಅವರ ಕಣ್ಣೆದುರೇ ಬೋರಲು ಹಾಕಿದಳು. ಒಂದಿಷ್ಟು ಉಪ್ಪುನೀರು ಸುರಿಯಿತು, ಅಷ್ಟೇ.

"ನನ್ನ ಮಗ ಕುಡಿದಿರಲಿಲ್ಲ" ಎಂದಳು, ತಲೆಯೆತ್ತಿ.

ಉದ್ದಕೈ ಮಾಮ ತಕ್ಕಡಿಯಿಂದ ತನ್ನ ಚೀಲ ಇಳಿಸಿಕೊಂಡು ಹೊರಟ. ಉಳಿದವರೂ ಅವನ ಹಿಂದೆ ಹೊರಟರು.