ಹಿಮ್ಮುಖಿಯ ಕೊಂಬು

೨೦೧೫ರ ಮಾರ್ಚ್ ೧೪, ಶನಿವಾರ, ಬೆಳಗ್ಗೆ ೯ ಗಂಟೆ ೪೦ ನಿಮಿಷ. ಮಾದರಿ ವಿಮಾನ ಸಂಘದ ಸಭಾಂಗಣಕ್ಕೆ ಕಾಲಿಟ್ಟಾಗ ಮೊದಲು ಕಣ್ಣಿಗೆ ಬಿದ್ದದ್ದು ಎದುರುಗೋಡೆಯ ದಪ್ಪ ಅಕ್ಷರಗಳು: 'ಹಾರದವು'. ಅದರ ಕೆಳಗಿನ ಸಾಲಿನಲ್ಲಿ ನನ್ನ ದೊಡ್ಡಮ್ಮನ ನಕ್ಷೆಯೂ ಇತ್ತು. ಹಳೆಯ ಪತ್ರಿಕೆಯೊಂದರ ಪುಟವನ್ನು ಹಿಗ್ಗಿಸಿ ಚೌಕಟ್ಟು ಹಾಕಿಸಿದ್ದರು. ಅಡಿಯಲ್ಲೊಂದು ಚೀಟಿ: 'ಹಿಮ್ಮುಖಿ, ೧೯೭೪. ನೆಲವನ್ನು ಬಹಳ ಪ್ರೀತಿಸಿದ ವಿಮಾನ.'

ದೊಡ್ಡಮ್ಮ ಕನ್ನಡಕ ಏರಿಸಿಕೊಂಡು ಓದಿದಳು.

"ಅಕ್ಷರ ಮುತ್ತಿನ ಹಾಗಿದೆ. ಬುದ್ಧಿ ಒಂದಿಲ್ಲ ಅಷ್ಟೆ," ಎಂದಳು.

ಇವು ರೇಡಿಯೊದಿಂದ ನಡೆಯುವ ವಿಮಾನಗಳಲ್ಲ. ಹಾರಿಸುವವರು ವೃತ್ತದ ನಟ್ಟನಡುವೆ ನಿಲ್ಲುತ್ತಾರೆ. ಅವರ ಕೈಯಲ್ಲಿರುವ ಹಿಡಿಯಿಂದ ಎರಡು ತೆಳು ಉಕ್ಕಿನ ತಂತಿಗಳು ವಿಮಾನದ ರೆಕ್ಕೆಯೊಳಕ್ಕೆ ಹೋಗುತ್ತವೆ. ಹಿಡಿಯನ್ನು ಮೇಲಕ್ಕೆ ಓರೆ ಮಾಡಿದರೆ ವಿಮಾನ ಏರಬೇಕು, ಕೆಳಕ್ಕೆ ಮಾಡಿದರೆ ಇಳಿಯಬೇಕು. ತಂತಿಯ ಎಳೆತವನ್ನು ಒಂದು ಕಡ್ಡಿ ಬಾಲದಲ್ಲಿರುವ ಬಾಗುವ ಪಟ್ಟಿಗೆ ತಲುಪಿಸುತ್ತದೆ. ಕಡ್ಡಿಯನ್ನು ಸಿಕ್ಕಿಸಲು ಪಟ್ಟಿಗೆ ಕೂರಿಸುವ ಪುಟ್ಟ ತಗಡಿನ ತುಂಡಿಗೆ ನಾವು ಕೊಂಬು ಎನ್ನುತ್ತೇವೆ. ಸಂಘದವರು ಕಟ್ಟುತ್ತಿದ್ದ ವಿಮಾನಗಳಲ್ಲೆಲ್ಲ ಕೊಂಬು ಪಟ್ಟಿಯ ಕೆಳಗಿರುತ್ತಿತ್ತು.

ಹಿಮ್ಮುಖಿಗೆ ಬಾಲವೇ ಇಲ್ಲ. ಬಾಲದಲ್ಲಿರಬೇಕಾದ ಕಿರುರೆಕ್ಕೆ, ಬಾಗುವ ಪಟ್ಟಿಯ ಸಮೇತ, ಅದರ ಮೂಗಿನ ಮೇಲಿದೆ, ಎಂಜಿನ್ನು ಹಿಂದಿದೆ. ಬಾಲವನ್ನು ಕೆಳಕ್ಕೆ ಒತ್ತಿದರೆ ಮೂಗು ಏಳುತ್ತದೆ, ಸರಿ. ಮೂಗನ್ನೇ ಕೆಳಕ್ಕೆ ಒತ್ತಿದರೆ ವಿಮಾನ ಮಣ್ಣು ಮುಕ್ಕುತ್ತದೆ. ಆದ್ದರಿಂದ ಹಿಮ್ಮುಖಿಯ ಕೊಂಬು ಪಟ್ಟಿಯ ಮೇಲಿರಬೇಕು. ದೊಡ್ಡಮ್ಮ ಮೇಲೇ ಬರೆದಿದ್ದಳು. ಪತ್ರಿಕೆಯಲ್ಲಿ ಅಚ್ಚಾದದ್ದು ಕೆಳಗೆ.

ಆಗ ಅವಳು ನೀರು ಸರಬರಾಜು ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದಳು. ಅವಳು ಕಟ್ಟಿದ ಮೊದಲ ಹಿಮ್ಮುಖಿ ಶಾಲೆಯ ಬಯಲಿನಲ್ಲಿ ಹಾರಿತ್ತು. ನೋಡಿದ್ದು ನನ್ನ ತಾತ ಒಬ್ಬರೇ. ಮಾರನೆಯ ಮಳೆಗಾಲದಲ್ಲಿ ಮಾಡು ಸೋರಿ ಅದು ಅಟ್ಟದಲ್ಲೇ ಕೊಳೆಯಿತು. ಪತ್ರಿಕೆಯ ನಕ್ಷೆ ನೋಡಿ ಸಂಘದವರು ಕಟ್ಟಿದವೆಲ್ಲ ಅರ್ಧ ಸುತ್ತಿಗೇ ನೆಲಕ್ಕೆ ಅಪ್ಪಳಿಸಿದವು. "ಇದು ನಾನು ಬರೆದದ್ದಲ್ಲ" ಎಂದು ದೊಡ್ಡಮ್ಮ ಹೇಳಿದಳು. ಪತ್ರಿಕೆಗೆ ನಕ್ಷೆ ಟ್ರೇಸ್ ಮಾಡಿದವರು "ಇದ್ದದ್ದನ್ನೇ ಮಾಡಿದ್ದೇನೆ" ಎಂದರು. ಮೂಲ ನಕ್ಷೆ ಎಲ್ಲೋ ಕಳೆದುಹೋಗಿತ್ತು. ಆ ಟ್ರೇಸ್ ಮಾಡಿದವರೇ ಇವತ್ತು ಸಂಘದ ಕಾರ್ಯದರ್ಶಿ.

ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವಳು. ದೊಡ್ಡಮ್ಮನ ಮಾತು ಸರಿ ಎಂಬುದನ್ನು ಕಪ್ಪುಹಲಗೆಯ ಮೇಲೆ ಎರಡು ಬಾಣ ಎಳೆದು ತೋರಿಸಬಲ್ಲೆ. ಆದರೆ ವಿಮಾನ ಹೇಗಿರಬೇಕಿತ್ತು ಎಂಬುದು ಇಲ್ಲಿನ ಪ್ರಶ್ನೆಯಲ್ಲ. ಅವಳು ಏನು ಬರೆದಿದ್ದಳು ಎಂಬುದು ಪ್ರಶ್ನೆ. ಅದಕ್ಕೆ ಮೂಲವೇ ಬೇಕು. ಮೂಲ ಸಿಗದಿದ್ದರೆ ಅದರ ಸುಳಿವಾದರೂ ಸಿಕ್ಕೀತೆಂದು ಎರಡು ವರ್ಷ ಹುಡುಕಿದೆ. ಹಳೆ ಪುಸ್ತಕದಂಗಡಿಗಳಲ್ಲಿ ಆ ಸಂಚಿಕೆ ಸಿಕ್ಕರೂ ನಡುವಿನ ನಕ್ಷೆಯ ಹಾಳೆ ಕಿತ್ತುಹೋಗಿರುತ್ತಿತ್ತು. ನಮ್ಮ ಕಸುಬೇ ಹಾಗೆ: ನಕ್ಷೆಯನ್ನು ಹಲಗೆಯ ಮೇಲೆ ಹರಡಿ, ಮೇಣದ ಕಾಗದ ಹೊದಿಸಿ, ಗೆರೆಯ ಮೇಲೇ ಮರದ ಕಡ್ಡಿಗಳನ್ನು ಗುಂಡುಸೂಜಿಯಿಂದ ನಿಲ್ಲಿಸಿ ಅಂಟಿಸುವುದು. ವಿಮಾನ ಮುಗಿಯುವ ಹೊತ್ತಿಗೆ ನಕ್ಷೆ ಜರಡಿಯಾಗಿರುತ್ತದೆ. ದೂರದ ಸಂಗ್ರಾಹಕರು ಇಮೇಲಿನಲ್ಲಿ ಕಳಿಸಿದ್ದು ಅದೇ ಪತ್ರಿಕೆಯ ಪುಟ, ಅದೇ ಕೆಳಗಿನ ಕೊಂಬು. ಒಂದೇ ಸುಳ್ಳನ್ನು ಊರೆಲ್ಲ ಹೇಳಿದ ಹಾಗೆ.

ಹುಡುಕುತ್ತಲೇ ಒಂದು ಹಿಮ್ಮುಖಿಯನ್ನೂ ಕಟ್ಟಿದೆ. ಎಲ್ಲ ಮುಗಿದರೂ ಕೊಂಬು ಕೂರಿಸಲು ದೊಡ್ಡಮ್ಮ ಬಿಡಲಿಲ್ಲ.

"ಮೇಲೆ ಅಂತ ನಿನಗೆ ನೆನಪಿದೆಯಲ್ಲ," ಎಂದಿದ್ದೆ.

"ನನ್ನ ನೆನಪು ನನಗೆ ಸಾಕು. ಅವರಿಗೆ ಸಾಕಾಗಲ್ಲ. ನಾಳೆ ಹಾರಿಸಿದ್ರೆ 'ಈಗ ಸರಿಮಾಡ್ಕೊಂಡ್ಳು' ಅಂತಾರೆ. ನಕ್ಷೆ ಸಿಗೋವರೆಗೂ ಅದು ಬೋಳಾಗೇ ಇರ್ಲಿ."

ಕಾರ್ಯದರ್ಶಿಗಳು ಪ್ರದರ್ಶನಕ್ಕೆ ಕರೆದಾಗ ಆ ಬೋಳು ವಿಮಾನವನ್ನು ಕಾರಿಗೆ ಹಾಕಿಸಿದ್ದೂ ಅವಳೇ. "ಗೋಡೆ ಮೇಲೆ ಅವರ ಹಿಮ್ಮುಖಿ ಇದ್ರೆ, ಮೇಜಿನ ಮೇಲೆ ನಂದೂ ಇರ್ಲಿ."

ಈಗ ಕಾರ್ಯದರ್ಶಿಗಳೇ ಕೈಮುಗಿದು ಎದುರಾದರು. "ಬನ್ನಿ ಮೇಡಂ! ಈ ಚೌಕಟ್ಟಿನ ಪಕ್ಕ ನಿಂತ್ಕೊಳ್ಳಿ, ಒಂದು ಫೋಟೊ. ತಮಾಷೆಗೆ."

"ತಮಾಷೆ ಯಾರ ಲೆಕ್ಕಕ್ಕೆ?" ಎಂದಳು ದೊಡ್ಡಮ್ಮ.

ನಡುವೆ ಬಾಯಿ ಹಾಕಿದವನು ಸಂಘದ ಅತ್ಯುತ್ತಮ ಹಾರಾಟಗಾರ. ಎಷ್ಟು ಸುತ್ತಿದರೂ ತಲೆ ತಿರುಗದ ಅವನನ್ನು ಎಲ್ಲರೂ ಗಿರಗಿಟ್ಲೆ ಎನ್ನುತ್ತಾರೆ. "ದೊಡ್ಡಮ್ಮಾ, ಇಷ್ಟಕ್ಕೆ ಜಗಳ ಯಾಕೆ? ಹಿಡೀನ ತಲೆಕೆಳಗು ಹಿಡ್ಕೊಂಡ್ರೆ ಇವರ ನಕ್ಷೇದೂ ಹಾರುತ್ತೆ."

"ತಪ್ಪು ಮಾಡಿದ್ದು ಇವರ ಕೈ. ಹಿಡಿ ತಿರುಗಿಸಬೇಕಾದ್ದು ನನ್ನ ಕೈಯಾ? ಆಗಲ್ಲ ಹೋಗು."

ನಾನು ಜಗಳ ಬಿಟ್ಟು ಮೂಲೆಗೆ ಹೋದೆ. ಅಲ್ಲಿ ಹಗ್ಗ ಕಟ್ಟಿ ಒಂದು ಹಳೆಯ ಮರದ ಹಲಗೆಯನ್ನು ಪ್ರದರ್ಶನಕ್ಕಿಟ್ಟಿದ್ದರು: ಕಾರ್ಯದರ್ಶಿಗಳು ಯೌವನದಿಂದ ವಿಮಾನ ಕಟ್ಟಿದ ಹಲಗೆ. ಸೂಜಿ ಚುಚ್ಚಿದರೆ ನಕ್ಷೆಯ ಅಂಚು ಸುರುಳಿಯಾಗುತ್ತದೆಂದು ಅವರು ಪ್ರತಿ ನಕ್ಷೆಯನ್ನೂ ಮೈದಾ ಅಂಟಿನಿಂದ ಹಲಗೆಗೇ ಮೆತ್ತಿ, ಮುಂದಿನದನ್ನು ಅದರ ಮೇಲೇ ಮೆತ್ತುತ್ತಿದ್ದರಂತೆ. ಅಂಚಿನಲ್ಲಿ ಪದರಗಳು ಚಪಾತಿಯ ಅಟ್ಟಿಯಂತೆ ಕಾಣುತ್ತಿದ್ದವು. ಒಂದು ಮೂಲೆಯಲ್ಲಿ ಮೇಲಿನ ಪದರಗಳು ಸವೆದು ಅಡಿಯ ದಪ್ಪ ಹಾಳೆ ಇಣುಕಿತ್ತು. ಅದರ ಮೇಲೆ ಕಪ್ಪು ಬಿಳಿ ಚೌಕಗಳ ಒಂದು ಪಟ್ಟಿ.

ನಾನು ಹಗ್ಗ ದಾಟಿದೆ.

ದೊಡ್ಡಮ್ಮ ತಾನು ಬರೆದ ಪ್ರತಿ ಹಾಳೆಯ ಮೂಲೆಯಲ್ಲೂ ನೂರು ಮಿಲಿಮೀಟರಿನ ಅಂಥ ಅಳತೆಪಟ್ಟಿ ಬರೆಯುತ್ತಿದ್ದಳು. ಕಾಗದ ಹವೆಗೆ ಹಿಗ್ಗುತ್ತದೆ, ಕುಗ್ಗುತ್ತದೆ. ಪಟ್ಟಿಯೂ ಅದರೊಂದಿಗೇ ಕುಗ್ಗುವುದರಿಂದ ಎಷ್ಟು ವರ್ಷವಾದರೂ ನಿಜವಾದ ಅಳತೆ ತಿಳಿಯುತ್ತದೆ. ಕಚೇರಿಯ ಕೊಳವೆ ನಕ್ಷೆಗಳಿಂದ ಬಂದ ಅಭ್ಯಾಸ. ವಿಮಾನದ ನಕ್ಷೆಗಳಲ್ಲಿ ಬೇರೆ ಯಾರೂ ಹಾಗೆ ಬರೆದದ್ದನ್ನು ನಾನು ನೋಡಿಲ್ಲ.

"ದೊಡ್ಡಮ್ಮಾ, ಬಾ ಇಲ್ಲಿ."

ಅವಳು ಬಂದಳು, ಬಗ್ಗಿದಳು, ಬೆರಳಿನಿಂದ ಚೌಕಗಳನ್ನು ಸವರಿದಳು. ಆಮೇಲೆ ನೆಟ್ಟಗೆ ನಿಂತು ಸಭಾಂಗಣಕ್ಕೆಲ್ಲ ಕೇಳುವಂತೆ, "ಇಸ್ತ್ರಿಪೆಟ್ಟಿಗೆ ಇದ್ಯಾ ಇಲ್ಲಿ?" ಎಂದಳು.

ರೆಕ್ಕೆಗೆ ಬಟ್ಟೆ ಹೊದಿಸುವವರ ಬಳಿ ಇಸ್ತ್ರಿಪೆಟ್ಟಿಗೆ ಇಲ್ಲದಿರುತ್ತದೆಯೆ? ಗಿರಗಿಟ್ಲೆ ತಂದುಕೊಟ್ಟ. ಕಾರ್ಯದರ್ಶಿಗಳು ಅಡ್ಡ ಬಂದರು.

"ಮೇಡಂ, ಇದು ಸಂಘದ ಆಸ್ತಿ. ಹಾಗೆಲ್ಲ ಕೀಳೋ ಹಾಗಿಲ್ಲ."

"ಹಲಗೆ ನಿಮ್ಮ ಆಸ್ತಿ. ಅಡಿಯಲ್ಲಿರೋದು ನಂದು. ಬೇಕಾದ್ರೆ ಪೊಲೀಸರನ್ನ ಕರೀರಿ, ಅವರು ಬರೋಷ್ಟರಲ್ಲಿ ಮುಗಿದಿರುತ್ತೆ."

ಒದ್ದೆ ಬಟ್ಟೆ ಹಾಸಿ, ಇಸ್ತ್ರಿಪೆಟ್ಟಿಗೆ ಒತ್ತಿ, ಆವಿ ತಾಗಿ ಅಂಟು ಸಡಿಲವಾದ ಕಡೆಯಲ್ಲಿ ತೆಳು ಚಾಕುವಿನಿಂದ ಎಬ್ಬಿಸುತ್ತ ಹೋದೆವು. ಹಳೇ ಮೈದಾದ ಹುಳಿ ವಾಸನೆ ಎದ್ದಿತು. ಪ್ರದರ್ಶನ ನೋಡಲು ಬಂದವರೆಲ್ಲ ಹಗ್ಗದ ಸುತ್ತ ಸೇರಿದರು. ಕಿತ್ತ ಪದರಗಳನ್ನು ದೊಡ್ಡಮ್ಮ ಹರಿಯದೆ, ಒಂದೊಂದನ್ನೂ ಕಾರ್ಯದರ್ಶಿಗಳ ಕೈಗೇ ಕೊಟ್ಟಳು. "ಹಿಡ್ಕೊಳ್ಳಿ. ಬೇರೆಯವರ ನಕ್ಷೆ ಜೋಪಾನ ಮಾಡೋದು ಹೀಗೆ."

ಕೊನೆಯ ಪದರ ಎದ್ದಿತು. ಕಪ್ಪು ಶಾಯಿ ಕದಲಿರಲಿಲ್ಲ. ಸೂಜಿಯ ತೂತುಗಳ ನಡುವೆ ಹಿಮ್ಮುಖಿ ಮಲಗಿತ್ತು. ಮೂಗಿನ ಕಿರುರೆಕ್ಕೆಯ ಪಕ್ಕನೋಟದಲ್ಲಿ ಕೊಂಬು ಪಟ್ಟಿಯ ಮೇಲಕ್ಕೆ ನಿಂತಿತ್ತು. ಅದರ ಸುತ್ತ ಪೆನ್ಸಿಲಿನಲ್ಲಿ ಒಂದು ವೃತ್ತ, ಪಕ್ಕದಲ್ಲಿ ಬೇರೆ ಕೈಯ ಒಂದು ಪ್ರಶ್ನಾರ್ಥಕ ಚಿಹ್ನೆ.

ಕಾರ್ಯದರ್ಶಿಗಳು ಆ ಚಿಹ್ನೆಯನ್ನು ಬಹಳ ಹೊತ್ತು ನೋಡಿದರು. ಕೈತುಂಬ ಒದ್ದೆ ಕಾಗದ.

"ಹುಡುಗಿ ಗೊತ್ತಿಲ್ದೆ ಮೇಲೆ ಬರೆದಿರಬೇಕು ಅಂದ್ಕೊಂಡೆ," ಎಂದರು ಸಣ್ಣ ದನಿಯಲ್ಲಿ. "ಕೊಂಬು ಅಂದ್ರೆ ಕೈ ತಾನಾಗೇ ಕೆಳಗೆ ಹೋಗುತ್ತೆ. ಸರಿಮಾಡಿದೆ. ಉಪಕಾರ ಅಂತಲೇ... ಆಮೇಲೆ ಮಾಡಿದ್ದೂ, ನಕ್ಷೆ ಇಲ್ಲಿ ಮೆತ್ತಿದ್ದೂ ಮರ್ತುಹೋಯ್ತು."

"ನಲವತ್ತೊಂದು ವರ್ಷ ನಿಮ್ಮ ಉಪಕಾರ ತಲೆ ಮೇಲೆ ಹೊತ್ತಿದೀನಿ. ಇನ್ನು ಇಳಿಸ್ತೀನಿ."

"ಈಗಲೇ ಆ ಚೀಟಿ ತೆಗೆಸ್ತೀನಿ ಮೇಡಂ."

"ಬೇಡ. ಚೌಕಟ್ಟು ಅಲ್ಲೇ ಇರ್ಲಿ. ಆ ನಕ್ಷೆ ಹಾರಲ್ಲ, ಅದು ನಿಜವೇ. ಬರೆದವರ ಹೆಸರು ಮಾತ್ರ ತಪ್ಪಾಗಿದೆ. ನಿಮ್ಮ ಹೆಸರು ಹಾಕಿ."

ಯಾರೋ ಕಿಸಕ್ಕೆಂದರು. ಕಾರ್ಯದರ್ಶಿಗಳು ನಗಲಿಲ್ಲ, ತಲೆಯಾಡಿಸಿದರು.

ದೊಡ್ಡಮ್ಮ ನನ್ನತ್ತ ತಿರುಗಿದಳು. "ಅಳೆಯೇ. ಕಣ್ಣಂದಾಜು ಬೇಡ."

ಮೊದಲು ಅಳತೆಪಟ್ಟಿ: ನೂರು ಇರಬೇಕಾದಲ್ಲಿ ನನ್ನ ಸ್ಕೇಲು ತೊಂಬತ್ತೊಂಬತ್ತು ತೋರಿಸಿತು. ಆಮೇಲೆ ಕೊಂಬಿನ ಎತ್ತರ. ಕಾಗದ ಕುಗ್ಗಿದ್ದನ್ನು ಲೆಕ್ಕಕ್ಕೆ ಸೇರಿಸಿ, ಬಂದ ಅಳತೆಗೆ ತಗಡು ಕತ್ತರಿಸಿದೆವು. ಎರಡು ಪುಟ್ಟ ಬೋಲ್ಟು ಬಿಗಿದು, ಕಡ್ಡಿಯ ತುದಿ ಬಗ್ಗಿಸಿ ಸಿಕ್ಕಿಸಿದೆವು. ಬೋಳು ಮೂಗಿಗೆ ಕೊಂಬು ಬಂತು.

ಹಿಂದಿನ ಮೈದಾನದಲ್ಲಿ ಹಿಡಿಗೆ ಕೈ ಚಾಚಿದ ಗಿರಗಿಟ್ಲೆಯನ್ನು ದೊಡ್ಡಮ್ಮ ಪಕ್ಕಕ್ಕೆ ಸರಿಸಿದಳು.

"ದೊಡ್ಡಮ್ಮಾ, ಈ ವಯಸ್ಸಲ್ಲಿ ತಲೆ ತಿರುಗುತ್ತೆ."

"ತಿರುಗೋ ತಲೆ ನಂದಲ್ವಾ, ನಿಂಗೇನು? ಹೋಗಿ ವಿಮಾನ ಹಿಡ್ಕೋ."

ಎಂಜಿನ್ನು ಕೆಮ್ಮಿತು, ನಿಂತಿತು, ಮತ್ತೆ ಕೆಮ್ಮಿ ಕಿರುಚಿಕೊಂಡಿತು. ಗಿರಗಿಟ್ಲೆ ಕೈಬಿಟ್ಟ. ಹಿಮ್ಮುಖಿ ಹುಲ್ಲಿನ ಮೇಲೆ ಕುಪ್ಪಳಿಸುತ್ತ ಓಡಿತು. ದೊಡ್ಡಮ್ಮ ಹಿಡಿಯನ್ನು ನೆಟ್ಟಗೇ ಹಿಡಿದಿದ್ದಳು, ಅಂಗಡಿಯಿಂದ ಬಂದ ಹಾಗೆ, ಎಲ್ಲರೂ ಹಿಡಿಯುವ ಹಾಗೆ. ಮಣಿಕಟ್ಟನ್ನು ತುಸು ಮೇಲಕ್ಕೆತ್ತಿದಳು. ಮೂಗು ಎದ್ದಿತು. ಅರ್ಧ ಸುತ್ತು ಕಳೆಯಿತು. ಹಿಂದೆ ಎಲ್ಲವೂ ಬಿದ್ದ ಆ ಜಾಗ ದಾಟಿತು. ಒಂದು ಸುತ್ತಾಯಿತು. ಬಾಲವಿಲ್ಲದ ಆ ವಿಚಿತ್ರ ಪ್ರಾಣಿ ಹಿಂದುಮುಂದಾಗಿಯೇ, ಯಾರ ಅಪ್ಪಣೆಯೂ ಬೇಡವೆಂಬಂತೆ, ಎಣ್ಣೆ ಮುಗಿಯುವವರೆಗೂ ಸುತ್ತಿತು.

ವಿಮಾನ ಇಳಿದ ಮೇಲೆ ದೊಡ್ಡಮ್ಮ ನನ್ನ ಭುಜ ಹಿಡಿದು ಸ್ವಲ್ಪ ಹೊತ್ತು ನಿಂತಳು. ತಲೆ ತಿರುಗುತ್ತಿತ್ತು, ಒಪ್ಪಿಕೊಳ್ಳಲಿಲ್ಲ.

ಒಳಗೆ ಹೋದಾಗ ಕಾರ್ಯದರ್ಶಿಗಳು ಆಗಲೇ ಚೌಕಟ್ಟಿನ ಹೆಸರು ಬದಲಿಸಿದ್ದರು. ಹಲಗೆಯ ಪಕ್ಕ ಇಡಲು ಒಂದು ಖಾಲಿ ಚೀಟಿ ಕೊಟ್ಟು, "ಏನು ಬರೆಯೋಣ ಮೇಡಂ? ಸಂಘದಿಂದ ನಾಲ್ಕು ಒಳ್ಳೆ ಮಾತು..." ಎಂದರು.

"ಮಾತು ಬೇಡ," ಎಂದು ದೊಡ್ಡಮ್ಮ ಪೆನ್ನು ತೆಗೆದುಕೊಂಡಳು. ಕಚೇರಿಯ ನಕ್ಷೆಗೆ ಬರೆಯುತ್ತಿದ್ದ ಅದೇ ನೇರ ಅಕ್ಷರಗಳಲ್ಲಿ ಬರೆದಳು:

'ಹಿಮ್ಮುಖಿ. ಕೊಂಬು: ಪಟ್ಟಿಯ ಮೇಲೆ, ೧೪ ಮಿಲಿಮೀಟರ್.'